ಜಂತುಹುಳು ಮತ್ತೆ ಮತ್ತೆ ಬರುವ ಮನೆಗೆ: ಶೌಚದ ಗುಂಡಿಯಿಂದ ಅಡುಗೆಮನೆಯವರೆಗೆ ಮಾಡಬೇಕಾದ ಕೆಲಸಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಿಂದ ಓದುಗರು ಎರಡು ಪ್ರಶ್ನೆಗಳನ್ನು ಪದೇ ಪದೇ ಕೇಳುತ್ತಾರೆ. ಶಾಲೆಯಲ್ಲಿ ವರ್ಷಕ್ಕೆ ಎರಡು ಬಾರಿ ಜಂತುಹುಳುವಿನ ಮಾತ್ರೆ ಕೊಟ್ಟರೂ ಮಗುವಿಗೆ ಮತ್ತೆ ಹುಳು ಆಗುವುದೇಕೆ ಎಂಬುದು ಮೊದಲನೆಯದು. ಯಾವ ನೀರಿನ ಫಿಲ್ಟರ್ ಕೊಂಡರೆ ಇದು ನಿಲ್ಲುತ್ತದೆ ಎಂಬುದು ಎರಡನೆಯದು. ಮಾತ್ರೆಯು ಹೊಟ್ಟೆಯೊಳಗಿನ ಹುಳುವನ್ನು ಹೊರಹಾಕುತ್ತದೆ. ಹಿತ್ತಿಲ ಮಣ್ಣಿನಲ್ಲಿ ಕಾದಿರುವ ಮೊಟ್ಟೆಯನ್ನು ಅದು ಮುಟ್ಟುವುದಿಲ್ಲ. ಆ ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ ಹುಳು ತಿಂಗಳೊಪ್ಪತ್ತಿನಲ್ಲಿ ಮರಳಿ ಬರಬಹುದು. ಇನ್ನು ಫಿಲ್ಟರಿನ ವಿಷಯ. ಆಳದ ಕೊಳವೆಬಾವಿಯ ನೀರನ್ನೇ ಕುಡಿಯುವ ನಮ್ಮ ಕಡೆಯ ಮನೆಯೊಂದು ಹಣ ಖರ್ಚು ಮಾಡುವುದಿದ್ದರೆ ಅದು ಮೊದಲು ಶೌಚಾಲಯದ ಗುಂಡಿಗೆ, ಚಪ್ಪಲಿಗೆ ಮತ್ತು ಸೋಪಿಗೆ ಹೋಗಬೇಕು. ಫಿಲ್ಟರ್ ಅದರ ನಂತರ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಆದ್ಯತೆಯ ಕ್ರಮದಲ್ಲಿ ಕೊಟ್ಟಿದ್ದೇನೆ.

ಯಾವ ಹುಳು, ಯಾವ ದಾರಿ

ಮಣ್ಣಿನ ಮೂಲಕ ಹರಡುವ ಮುಖ್ಯ ಜಂತುಹುಳುಗಳು ಮೂರು: ದುಂಡುಹುಳು, ಚಾಟಿಹುಳು ಮತ್ತು ಕೊಕ್ಕೆಹುಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರ ದೇಹದಲ್ಲಿ ಇವುಗಳಲ್ಲಿ ಒಂದಾದರೂ ಇದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನು ಇಡುತ್ತದೆ. ಮಲದೊಂದಿಗೆ ಹೊರಬಿದ್ದ ಮೊಟ್ಟೆಯಿಂದ ಆಗಲೇ ಸೋಂಕು ತಗಲುವುದಿಲ್ಲ. ತೇವವಿರುವ, ನೆರಳಿರುವ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ಅದು ಬಾಯಿಗೆ ಹೋದರೆ ಮಾತ್ರ ಸೋಂಕಾಗುತ್ತದೆ. ಆದರೆ ಬಲಿತ ಮೊಟ್ಟೆ ಅನುಕೂಲಕರ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರಬಲ್ಲದು. ಮಲ ಒಣಗಿ, ಮಳೆಗೆ ಕರಗಿ, ಕಣ್ಣಿಗೆ ಏನೂ ಕಾಣದಂತಾದ ಜಾಗವೂ ಅಪಾಯಕಾರಿಯಾಗಿಯೇ ಉಳಿಯುವುದು ಈ ಕಾರಣಕ್ಕೆ.

ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮೊಟ್ಟೆ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲೇ ಒಡೆಯುತ್ತದೆ; ಹೊರಬಂದ ಮರಿ 5ರಿಂದ 10 ದಿನಗಳಲ್ಲಿ ಬಲಿತು, ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶ ತಲುಪಿ, ಗಂಟಲಿಗೆ ಏರಿ, ನುಂಗಿದ ಉಗುಳಿನೊಂದಿಗೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೂ ರಕ್ತಹೀನತೆ ಇಳಿಯದ ಹೆಣ್ಣುಮಕ್ಕಳಲ್ಲಿ ಈ ಹುಳುವಿನ ಬಗ್ಗೆ ಅನುಮಾನಪಡಲೇಬೇಕು.

ಬೆಲ್ಲ ಅಥವಾ ಸಿಹಿ ಹೆಚ್ಚು ತಿಂದರೆ ಹುಳು ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಅದು ನಿಜವಲ್ಲ. ಮೊಟ್ಟೆ ಅಥವಾ ಮರಿ ಹೊರಗಿನಿಂದ ಬರದೆ ಹೊಟ್ಟೆಯಲ್ಲಿ ಹುಳು ಹುಟ್ಟುವುದಿಲ್ಲ. ದನದ ಸಗಣಿಯಿಂದಲೂ ಈ ಮೂರು ಹುಳುಗಳು ಬರುವುದಿಲ್ಲ. ಇವು ಮನುಷ್ಯರ ಮಲದಿಂದ ಮನುಷ್ಯರಿಗೆ ಬರುವಂಥವು. ಆದ್ದರಿಂದ ಮಗುವಿನ ಬೆಲ್ಲ ಕಸಿದುಕೊಳ್ಳುವ ಬದಲು ಮನೆಯವರ ಮಲ ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು ಒಳ್ಳೆಯದು.

ಬೇಕಾಗುವ ಸಾಮಾನು

ಬಾಗಿಲಿರುವ, ನೀರಿರುವ ಶೌಚಾಲಯ. ಮನೆಯ ಪ್ರತಿಯೊಬ್ಬರಿಗೂ ಚಪ್ಪಲಿ, ಜೊತೆಗೆ ಶೌಚಾಲಯಕ್ಕೆಂದೇ ಬೇರೆ ಒಂದು ಜೋಡಿ. ಸೋಪು, ಉಗುರು ಕತ್ತರಿ. ಮುಚ್ಚಳವಿರುವ ನೀರಿನ ಪಾತ್ರೆ ಮತ್ತು ಉದ್ದ ಹಿಡಿಯ ಸೌಟು. ಹೊಲದಲ್ಲಿ ದುಡಿಯುವವರಿಗೆ ಗಮ್‌ಬೂಟು. ಶೌಚಾಲಯ ಇನ್ನೂ ಇಲ್ಲದ ಕುಟುಂಬಗಳು ಗ್ರಾಮ ಪಂಚಾಯಿತಿಯಲ್ಲಿ ಸ್ವಚ್ಛ ಭಾರತ ಮಿಷನ್ನಿನ ಸಹಾಯಧನಕ್ಕೆ ಅರ್ಜಿ ಕೊಡಬಹುದು. 2014ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ನಿಗದಿಯಾದ ಮೊತ್ತ 12,000 ರೂಪಾಯಿ.

ಹಂತ 1: ಮನೆಯ ಯಾರ ಮಲವೂ ಮಣ್ಣು ಸೇರದಂತೆ ಮಾಡಿ

ಶೌಚಾಲಯ ಕಟ್ಟಿಸಿದ ಮನೆಗಳಲ್ಲೂ ಎಲ್ಲರೂ ಅದನ್ನು ಬಳಸುತ್ತಾರೆಂದು ಹೇಳಲಾಗದು. ಹೊಲದ ಕೆಲಸಕ್ಕೆ ಹೋದವರು ಬದುವಿನ ಮರೆಗೆ, ವಯಸ್ಸಾದವರು ಅಭ್ಯಾಸಬಲದಿಂದ ಬಯಲಿಗೆ, ಚಿಕ್ಕ ಮಕ್ಕಳು ಅಂಗಳದ ಮೂಲೆಗೆ ಹೋಗುತ್ತಾರೆ. ಮನೆಯಲ್ಲಿ ಆರು ಜನರಿದ್ದು ಐವರು ಶೌಚಾಲಯ ಬಳಸಿದರೂ, ಹೊರಗೆ ಹೋಗುವ ಆರನೆಯವರ ಹೊಟ್ಟೆಯಲ್ಲಿ ಹುಳುವಿದ್ದರೆ ಇಡೀ ಅಂಗಳಕ್ಕೆ ಮೊಟ್ಟೆ ಸೇರುತ್ತದೆ. ಮಂಡಿ ನೋವಿನಿಂದ ಕೂರಲಾಗದೆ ಹಿರಿಯರು ಹೊರಗೆ ಹೋಗುತ್ತಿದ್ದರೆ ಗೋಡೆಗೆ ಒಂದು ಹಿಡಿಕೆ ಹಾಕಿಸಿ, ಪ್ಯಾನಿನ ಮೇಲಿಡುವ ತೂತಿನ ಕುರ್ಚಿಯನ್ನು ತನ್ನಿ. ಬೈಯುವುದರಿಂದ ಆಗದ ಕೆಲಸ ಇದರಿಂದ ಆಗುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪುವುದು ಹಸುಗೂಸಿನ ಮತ್ತು ಪುಟ್ಟ ಮಕ್ಕಳ ಮಲದ ವಿಷಯದಲ್ಲಿ. ಮಗುವಿನ ಮಲಕ್ಕೆ ದೋಷವಿಲ್ಲವೆಂದು ಭಾವಿಸಿ ಅದನ್ನು ಮಣ್ಣಿನಲ್ಲಿ ಬಳಿದು ತಿಪ್ಪೆಗೆ ಎಸೆಯುತ್ತಾರೆ, ಬಟ್ಟೆ ತೊಳೆದ ನೀರನ್ನು ಬಚ್ಚಲ ಮೋರಿಗೆ ಬಿಡುತ್ತಾರೆ. ನೆಲದಲ್ಲಿ ಆಡಲು ಶುರುಮಾಡಿದ ಮಗುವಿನ ಹೊಟ್ಟೆಯಲ್ಲಿ ದೊಡ್ಡವರಿಗಿಂತ ಹೆಚ್ಚು ಹುಳುಗಳಿರಬಹುದು. ಮಲವನ್ನು ಪ್ಯಾನಿಗೆ ಹಾಕಿ ನೀರು ಸುರಿಯಿರಿ; ಬಟ್ಟೆ ತೊಳೆದ ಮೊದಲ ನೀರೂ ಪ್ಯಾನಿಗೇ ಹೋಗಲಿ. ಡೈಪರ್ ಬಳಸುವವರು ಮಲವನ್ನು ಪ್ಯಾನಿಗೆ ಹಾಕಿ, ಡೈಪರನ್ನು ಕಟ್ಟಿ ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು. ಅದನ್ನು ತಿಪ್ಪೆಗೂ ಗುಂಡಿಗೂ ಹಾಕಬಾರದು.

ಹಂತ 2: ಗುಂಡಿಯನ್ನು ಸರಿಯಾಗಿ ಕಟ್ಟಿಸಿ

ಈ ಹಂತದಲ್ಲಿ ಆಗುವ ತಪ್ಪನ್ನು ಸರಿಪಡಿಸುವುದು ದುಬಾರಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳ್ಳಿಯ ಮನೆಗೆ ನಾನು ಸೂಚಿಸುವುದು ಜೋಡಿ ಗುಂಡಿ ಶೌಚಾಲಯ, ಅಂದರೆ ಎರಡು ಇಂಗುಗುಂಡಿಗಳನ್ನು ಸರದಿಯಲ್ಲಿ ಬಳಸುವ ವ್ಯವಸ್ಥೆ. ಒಂದು ಗುಂಡಿ ಬಳಕೆಯಲ್ಲಿರುವಾಗ ಇನ್ನೊಂದು ಮುಚ್ಚಿರುತ್ತದೆ. ಮೊದಲನೆಯದು ತುಂಬಿದಾಗ ಚೇಂಬರಿನಲ್ಲಿ, ಎಂದರೆ ಕೊಳವೆ ಎರಡಾಗಿ ಒಡೆಯುವ ಸಣ್ಣ ತೊಟ್ಟಿಯಲ್ಲಿ, ಅದರ ದಾರಿಯನ್ನು ಮುಚ್ಚಿ ಎರಡನೆಯದನ್ನು ತೆರೆಯುತ್ತೀರಿ. ಐದಾರು ಜನರ ಕುಟುಂಬಕ್ಕೆ ಪ್ರತಿ ಗುಂಡಿ ಸುಮಾರು 1 ಮೀಟರ್ ವ್ಯಾಸ, 1ರಿಂದ 1.2 ಮೀಟರ್ ಆಳವಿದ್ದರೆ ಸಾಕು. ಎರಡು ಗುಂಡಿಗಳ ನಡುವೆ ಕನಿಷ್ಠ 1 ಮೀಟರ್ ಅಂತರವಿರಲಿ, ಇಲ್ಲದಿದ್ದರೆ ಬಳಕೆಯಲ್ಲಿರುವ ಗುಂಡಿಯ ನೀರು ಮುಚ್ಚಿದ ಗುಂಡಿಗೆ ಜಿನುಗುತ್ತದೆ. ಸುತ್ತಲೂ ತೂತುಗಳಿರುವ ಸಿಮೆಂಟ್ ರಿಂಗುಗಳನ್ನು ಇಳಿಸಿ ಅಥವಾ ಇಟ್ಟಿಗೆಯನ್ನು ಜಾಲಿಯಂತೆ ಸಂದು ಬಿಟ್ಟು ಕಟ್ಟಿಸಿ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ನೀರು ಇಂಗಿಹೋಗಿ ಮಲ ಮಾತ್ರ ಉಳಿಯಬೇಕು.

ಇಳಿಜಾರು ಹೆಚ್ಚಿರುವ ಗ್ರಾಮೀಣ ಪ್ಯಾನನ್ನೇ ಕೇಳಿ ತನ್ನಿ. ಇದಕ್ಕೆ ಸುಮಾರು 2 ಲೀಟರ್ ನೀರು ಸಾಕಾಗುವುದರಿಂದ, ಬೇಸಿಗೆಯಲ್ಲಿ ನಲ್ಲಿ ನೀರು ನಿಂತಾಗಲೂ ಶೌಚಾಲಯದ ಬಳಕೆ ನಿಲ್ಲುವುದಿಲ್ಲ. ಪ್ಯಾನಿನ ಕೆಳಗಿನ ಬಾಗಿದ ಭಾಗದಲ್ಲಿ ನಿಲ್ಲುವ 20 ಮಿಲಿಮೀಟರ್ ನೀರು ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಇದನ್ನು ನೀರಿನ ತಡೆ ಎನ್ನುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಇವು. ಹತ್ತು ಹದಿನೈದು ಅಡಿ ಆಳದ ಒಂದೇ ಗುಂಡಿ ತೆಗೆಸಿ, ಜೀವಮಾನವಿಡೀ ತುಂಬುವುದಿಲ್ಲವೆಂದು ಸಮಾಧಾನಪಡುವುದು ಮೊದಲನೆಯದು. ಆಳ ಹೆಚ್ಚಿದಷ್ಟೂ ಅಂತರ್ಜಲಕ್ಕೆ ಹತ್ತಿರವಾಗುತ್ತೀರಿ, ಮತ್ತು ತುಂಬಿದ ದಿನ ಹಸಿ ಮಲವನ್ನೇ ಎತ್ತಿಸಬೇಕಾಗುತ್ತದೆ. ಎರಡನೆಯದು, ಬತ್ತಿಹೋದ ತೆರೆದ ಬಾವಿಗೆ ಅಥವಾ ವಿಫಲವಾದ ಕೊಳವೆಬಾವಿಗೆ ಶೌಚದ ಕೊಳವೆ ಬಿಡುವುದು. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಮತ್ತು ಎಚ್.ಎನ್. ವ್ಯಾಲಿ ಯೋಜನೆಗಳಿಂದ ನಮ್ಮ ಕೆರೆಗಳಿಗೆ ನೀರು ಬಂದ ಮೇಲೆ ಹಲವೆಡೆ ಅಂತರ್ಜಲ ಏರಿದೆ. ಬತ್ತಿದ್ದ ಬಾವಿಯಲ್ಲಿ ಮತ್ತೆ ನೀರು ಕಾಣಿಸಿಕೊಂಡರೆ ನೀವು ಬಿಟ್ಟ ಮಲ ನೇರವಾಗಿ ಊರಿನ ನೀರಿಗೆ ಸೇರುತ್ತದೆ. ಗುಂಡಿಯ ತಳ ಮಳೆಗಾಲದ ಅಂತರ್ಜಲ ಮಟ್ಟಕ್ಕಿಂತ ಕನಿಷ್ಠ 2 ಮೀಟರ್ ಮೇಲಿರಲಿ. ಬಾವಿ, ಕೊಳವೆಬಾವಿಗಳಿಂದ ಗುಂಡಿ ಕನಿಷ್ಠ 10 ಮೀಟರ್ ದೂರವಿರಲಿ. ಗರಸು ಮಣ್ಣಿನ ಕೆಳಗೆ ಬಿರುಕುಬಿಟ್ಟ ಬಂಡೆ ಇರುವ ಕಡೆ ನೀರು ಸೋಸಿಕೊಳ್ಳದೆ ಬಿರುಕಿನಲ್ಲಿ ದೂರ ಹರಿಯುವುದರಿಂದ ಈ ಅಂತರವನ್ನು ಇನ್ನೂ ಹೆಚ್ಚಿಸಬೇಕು. ಮೂರನೆಯದು, ಬಚ್ಚಲ ನೀರನ್ನೂ ಇದೇ ಗುಂಡಿಗೆ ಬಿಡುವುದು. ಗುಂಡಿ ಬೇಗ ತುಂಬಿ ಉಕ್ಕುತ್ತದೆ. ಉಕ್ಕಿದ ನೀರಿನಲ್ಲಿ ಮೊಟ್ಟೆ ಅಂಗಳಕ್ಕೆ ಬರುತ್ತದೆ. ಬಚ್ಚಲ ನೀರಿಗೆ ಬೇರೆಯೇ ಇಂಗುಗುಂಡಿ ಮಾಡಿಸಿ.

ಹಂತ 3: ಗುಂಡಿಯನ್ನು ಕಾಲ ಕೂಡಿಬಂದ ಮೇಲೆ ಖಾಲಿ ಮಾಡಿ

ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟಬೇಡಿ. ಮಣ್ಣಿನಂತೆ ಒಣಗಿ, ವಾಸನೆ ಹೋದ ಮೇಲೂ ದುಂಡುಹುಳುವಿನ ಮೊಟ್ಟೆ ಉಳಿದಿರಬಹುದಾದ್ದರಿಂದ ಕಾಲವನ್ನೇ ನಂಬಿ. ಬಣ್ಣವನ್ನೂ ವಾಸನೆಯನ್ನೂ ನಂಬಬೇಡಿ. ಯಾವ ದಿನ ಗುಂಡಿ ಬದಲಿಸಿದಿರೆಂದು ಶೌಚಾಲಯದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಎರಡು ವರ್ಷ ಕಳೆದ ಗೊಬ್ಬರವನ್ನು ತೆಂಗು, ಮಾವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು. ಹಸಿಯಾಗಿ ತಿನ್ನುವ ಮೂಲಂಗಿ, ಗಜ್ಜರಿ, ಕೊತ್ತಂಬರಿ ಮಡಿಗಳಿಗೆ ಆಗಲೂ ಬೇಡ.

ಒಂದೇ ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುವವರು ಹೀರುವ ಯಂತ್ರದ ಲಾರಿ ಕರೆಸುತ್ತಾರೆ. ಆ ಹೂಳಿನಲ್ಲಿ ಜೀವಂತ ಮೊಟ್ಟೆಗಳಿರುತ್ತವೆ. ಅದನ್ನು ಕೆರೆಯಂಗಳಕ್ಕೆ, ರಾಜಕಾಲುವೆಗೆ ಬಿಡಲು ಒಪ್ಪಬೇಡಿ; ಸಂಸ್ಕರಣಾ ಘಟಕಕ್ಕೇ ಒಯ್ಯುವಂತೆ ಹೇಳಿ. ಹಸಿ ಹೂಳನ್ನು ತರಕಾರಿ ಹೊಲಕ್ಕೂ ಹಿಪ್ಪುನೇರಳೆ ತೋಟಕ್ಕೂ ಬಿಡಿಸಿಕೊಳ್ಳಬಾರದು: ಬೆಳೆ ತಿನ್ನುವವರಿಗಿಂತ ಮೊದಲು ಅಲ್ಲಿ ಬರಿಗಾಲಲ್ಲಿ ನಡೆಯುವ ಕೂಲಿಯವರಿಗೆ ಹುಳು ತಗಲುತ್ತದೆ.

ಯಾವ ಕಾರಣಕ್ಕೂ ಮನುಷ್ಯರನ್ನು ಗುಂಡಿಗೆ ಇಳಿಸಬೇಡಿ. ವಿಷಾನಿಲದಿಂದ ಕ್ಷಣಗಳಲ್ಲಿ ಪ್ರಾಣ ಹೋಗುತ್ತದೆ. 2013ರ ಕಾಯ್ದೆ ಮಲ ಹೊರಿಸುವುದನ್ನೂ, ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿಗೆ ಇಳಿಸುವುದನ್ನೂ ಶಿಕ್ಷಾರ್ಹ ಅಪರಾಧವೆಂದಿದೆ. ಈ ಪದ್ಧತಿಯ ವಿರುದ್ಧ ದಶಕಗಳ ಕಾಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲೇ ಹುಟ್ಟಿದವರು; ಅವರ ಊರಿನ ನೆರೆಹೊರೆಯವರಾದ ನಾವು ಇದನ್ನು ಇನ್ನೊಬ್ಬರಿಂದ ಹೇಳಿಸಿಕೊಳ್ಳಬಾರದು.

ಹಂತ 4: ಪಾದಗಳನ್ನು ಕಾಪಾಡಿ

ಕೊಕ್ಕೆಹುಳುವಿನ ಮರಿಗೆ ನೆರಳು, ತೇವ, ಸಡಿಲ ಮಣ್ಣು ಬೇಕು. ನೀರು ಹಾಯಿಸಿದ ಹಿಪ್ಪುನೇರಳೆ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಕಡೆ ಬೆಳಗಿನ ಮಂಜಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸರಲ್ಲಿ ಅನೇಕರು ಬರಿಗಾಲಲ್ಲಿರುತ್ತಾರೆ, ಏಕೆಂದರೆ ಹವಾಯಿ ಚಪ್ಪಲಿ ಕೆಸರಿನಲ್ಲಿ ಜಾರುತ್ತದೆ, ಕಿತ್ತುಬರುತ್ತದೆ. ಅವರನ್ನು ದೂರುವುದರಿಂದ ಏನೂ ಆಗದು. ತೋಟದ ಮಾಲೀಕರು ಕೂಲಿಯವರಿಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಗಮ್‌ಬೂಟು ಕೊಡಿಸಿ, ತೋಟದ ಹತ್ತಿರವೇ ಅವರಿಗೆ ಶೌಚಾಲಯದ ವ್ಯವಸ್ಥೆ ಮಾಡಬೇಕು. ಬೂಟನ್ನು ಮಾತ್ರ ಕೊಟ್ಟು ಶೌಚಕ್ಕೆ ಅದೇ ತೋಟದ ಮರೆಗೆ ಕಳುಹಿಸಿದರೆ ಅರ್ಧ ಕೆಲಸ ಮಾಡಿದಂತೆ.

ಮರಿ ಚರ್ಮ ಹೊಕ್ಕ ಜಾಗದಲ್ಲಿ, ಹೆಚ್ಚಾಗಿ ಕಾಲ್ಬೆರಳ ಸಂದಿನಲ್ಲಿ, ತುರಿಕೆ ಮತ್ತು ಕೆಂಪು ಗುಳ್ಳೆಗಳು ಏಳಬಹುದು. ಅದನ್ನು ಕೆಸರುಹುಣ್ಣು ಎಂದು ಮರೆತುಬಿಡದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಚಪ್ಪಲಿಯನ್ನು ಹೊಸಿಲಾಚೆ ಬಿಡುವ ಸಂಪ್ರದಾಯದಿಂದಾಗಿ ಶೌಚಾಲಯಕ್ಕೆ ಬರಿಗಾಲಲ್ಲಿ ಹೋಗಿಬರುವವರು ಬಹಳ ಮಂದಿ. ಅಲ್ಲಿಗೆಂದೇ ಒಂದು ಜೋಡಿಯನ್ನು ಬಾಗಿಲಲ್ಲಿಡಿ, ಮಕ್ಕಳ ಅಳತೆಯದೂ ಒಂದಿರಲಿ.

ಹಂತ 5: ಕೈ ಮತ್ತು ಉಗುರು

ಮುದ್ದೆಯನ್ನು ಕೈಯಲ್ಲೇ ಮುರಿದು, ಸಾರಿನಲ್ಲಿ ಅದ್ದಿ ನುಂಗುವ ನಮಗೆ ಕೈ ತೊಳೆಯುವುದು ಊಟದ ಮೊದಲ ಕೆಲಸವಾಗಬೇಕು. ದುಂಡುಹುಳುವಿನ ಮೊಟ್ಟೆಯ ಹೊರಪದರ ಅಂಟಂಟಾಗಿರುತ್ತದೆ. ಬರಿ ನೀರಿನಲ್ಲಿ ಕೈ ಅದ್ದಿದರೆ ಅದು ಬಿಡುವುದಿಲ್ಲ. ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳನ್ನು ಸುಮಾರು 20 ಸೆಕೆಂಡು ಉಜ್ಜಿ, ಸುರಿಯುವ ನೀರಿನಲ್ಲಿ ತೊಳೆಯಿರಿ. ಸೋಪು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಕಳಚಿ ಹಾಕುತ್ತದೆ. ಸ್ಯಾನಿಟೈಸರ್ ಎರಡನ್ನೂ ಮಾಡುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಅದನ್ನು ನೆಚ್ಚಬೇಡಿ. ಶೌಚದ ನಂತರ, ಮಗುವನ್ನು ತೊಳೆದ ನಂತರ, ಹೊಲ ಅಥವಾ ಆಟದಿಂದ ಬಂದಾಗ, ಅಡುಗೆಗೆ ಮೊದಲು, ಉಣ್ಣುವ ಮತ್ತು ಉಣಿಸುವ ಮೊದಲು ತಪ್ಪಿಸಬೇಡಿ. ಒಂದೇ ಬೋಗುಣಿಯ ನೀರಿನಲ್ಲಿ ಮನೆಯವರೆಲ್ಲ ಸರದಿಯಂತೆ ಕೈ ಅದ್ದುವುದು ತೊಳೆಯುವುದಲ್ಲ. ನೀರು ಕಡಿಮೆಯಿದ್ದರೆ ಚೊಂಬಿನಿಂದ ಇನ್ನೊಬ್ಬರು ಸುರಿಯಲಿ. ಉಗುರನ್ನು ವಾರಕ್ಕೊಮ್ಮೆ ಕತ್ತರಿಸಿ.

ಹಂತ 6: ತರಕಾರಿ, ಸೊಪ್ಪು, ಮಾಂಸ

ಬೇಯಿಸಿದ ಪದಾರ್ಥದಲ್ಲಿ ಮೊಟ್ಟೆ ಉಳಿಯುವುದಿಲ್ಲ. ತೊಂದರೆ ಇರುವುದು ಕೋಸಂಬರಿಗೆ, ಚುರುಮುರಿಗೆ ಹಸಿಯಾಗಿ ಬೀಳುವ ಗಜ್ಜರಿ, ಸೌತೆ, ಈರುಳ್ಳಿ, ಕೊತ್ತಂಬರಿಯಲ್ಲಿ. ಬೇರಿನ ಕಡೆ ಕತ್ತರಿಸಿ, ಎಲೆಗಳನ್ನು ಬಿಡಿಸಿ, ಮೂರು ಬಾರಿ ನೀರು ಬದಲಿಸಿ ಉಜ್ಜಿ ತೊಳೆಯಿರಿ, ಕೊನೆಯ ಬಾರಿ ಸುರಿಯುವ ನೀರಿನಲ್ಲಿ. ಗಜ್ಜರಿ, ಮೂಲಂಗಿಯ ಸಿಪ್ಪೆಯನ್ನು ತೊಳೆದ ಮೇಲೆ ಹೆರೆಯಿರಿ, ಮೊದಲಲ್ಲ. ಉಪ್ಪು, ಅರಿಸಿನ, ವಿನೆಗರ್, ಪೊಟ್ಯಾಸಿಯಂ ಪರ್ಮಾಂಗನೇಟ್ ಇವುಗಳ ನೀರಿನಲ್ಲಿ ನೆನೆಸಿದರೆ ಮೊಟ್ಟೆ ಸಾಯುತ್ತದೆಂದು ನಂಬಿ ಉಜ್ಜುವುದನ್ನು ಬಿಡಬೇಡಿ.

ಬೆಳೆಗಾರರಿಗೆ ಒಂದು ಮಾತು. ಕಿತ್ತ ಮೂಲಂಗಿಯನ್ನು, ಸೊಪ್ಪಿನ ಕಂತೆಯನ್ನು ಮಾರುಕಟ್ಟೆಗೆ ಒಯ್ಯುವ ಮುನ್ನ ಕೆರೆಯ ಅಥವಾ ಕಾಲುವೆಯ ನೀರಿನಲ್ಲಿ ತೊಳೆಯಬೇಡಿ. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳುವಿನ ಮೊಟ್ಟೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಕಣ್ಣಿನಿಂದ ಅಳೆಯಲಾಗದ ವಿಷಯ. ಆದ್ದರಿಂದ ತೊಳೆಯಲು ಕೊಳವೆಬಾವಿಯ ನೀರನ್ನೇ ಬಳಸಿ.

ಲಾಡಿಹುಳುವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹಂದಿಯ ಲಾಡಿಹುಳು ಬೆಳೆಯುತ್ತದೆ ಎಂಬುದು ನಿಜ. ಆದರೆ ಮಿದುಳಿನಲ್ಲಿ ಅದರ ಮರಿ ಗೂಡು ಕಟ್ಟಿ ಮೂರ್ಛೆ ಬರುವುದು, ಲಾಡಿಹುಳು ಇರುವ ಮನುಷ್ಯರ ಮಲದ ಮೊಟ್ಟೆ ಸೊಪ್ಪಿನ ಅಥವಾ ಕೈಯ ಮೂಲಕ ಬಾಯಿಗೆ ಹೋದಾಗ. ಹೀಗಾಗಿ ಮಾಂಸವನ್ನೇ ಮುಟ್ಟದವರಿಗೂ ಇದು ಬರುತ್ತದೆ. ಹಂದಿಗಳನ್ನು ಬಯಲಿಗೆ ಬಿಡದೆ ದೊಡ್ಡಿಯಲ್ಲಿ ಸಾಕುವುದು, ಮಾಂಸವನ್ನು ಒಳಗಿನ ಕೆಂಪು ಪೂರ್ತಿ ಹೋಗುವಂತೆ ಬೇಯಿಸುವುದು ಅಗತ್ಯ.

ಹಂತ 7: ನೀರು

ಆಳದ ಕೊಳವೆಬಾವಿಯಲ್ಲಿ ಸಾಮಾನ್ಯವಾಗಿ ಹುಳುವಿನ ಮೊಟ್ಟೆ ಇರುವುದಿಲ್ಲ. ಮೊಟ್ಟೆ ಸೇರುವುದು ದಾರಿಯಲ್ಲಿ: ಮೋರಿಯೊಳಗೆ ಹಾದುಹೋದ ಒಡೆದ ಪೈಪಿನಲ್ಲಿ, ಮುಚ್ಚಳವಿಲ್ಲದ ಸಂಪಿನಲ್ಲಿ, ಕೈ ಅದ್ದಿ ನೀರು ಮೊಗೆಯುವ ಬಿಂದಿಗೆಯಲ್ಲಿ. ನಮ್ಮ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಅನೇಕರು ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಾರೆ. ಅದು ಒಳ್ಳೆಯದೇ, ಆದರೆ ಘಟಕದ ನೀರನ್ನು ತೊಳೆಯದ ಕ್ಯಾನಿಗೆ ತುಂಬಿ, ಲೋಟ ಹಿಡಿದ ಕೈಯನ್ನು ಒಳಗಿಳಿಸಿದರೆ ಕೊಟ್ಟ ಹಣ ವ್ಯರ್ಥ. ಪಾತ್ರೆಗೆ ನಲ್ಲಿ ಕೂರಿಸಿ, ಇಲ್ಲವೇ ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಮೊಟ್ಟೆ ನೀರಿಗಿಂತ ಭಾರವಾಗಿ ತಳಕ್ಕೆ ಇಳಿಯುವುದರಿಂದ ಬಿಂದಿಗೆಯನ್ನು ಕಲಕಬೇಡಿ, ತಳದ ನೀರನ್ನು ಕುಡಿಯದೆ ಚೆಲ್ಲಿ, ಒಳಭಾಗವನ್ನು ಉಜ್ಜಿ ತೊಳೆಯಿರಿ.

ಬ್ಲೀಚಿಂಗ್ ಪುಡಿಯ ಕ್ಲೋರಿನ್ ಭೇದಿ ತರುವ ರೋಗಾಣುಗಳನ್ನು ಕೊಲ್ಲುವುದರಿಂದ ಅದು ಬೇಕೇ ಬೇಕು, ಆದರೆ ದುಂಡುಹುಳುವಿನ ಮೊಟ್ಟೆಗೆ ಅದು ನಾಟುವುದಿಲ್ಲ. ಕುದಿಸಿದರೆ ಸಾಯುತ್ತದೆ, ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲವೆಂಬುದು ನೆನಪಿರಲಿ. ಬಟ್ಟೆಯಲ್ಲಿ ಸೋಸಿದರೆ ಸಾಕೇ ಎಂದು ಹಿರಿಯರು ಕೇಳುವುದಕ್ಕೆ ಕಾರಣವಿದೆ. ನಾರುಹುಣ್ಣಿನ, ಅಂದರೆ ಕುಡಿಯುವ ನೀರಿನಿಂದ ಒಳಸೇರಿದ ಉದ್ದನೆಯ ಹುಳು ಚರ್ಮ ಸೀಳಿ ಹೊರಬರುವ ರೋಗದ ಕಾಲದಲ್ಲಿ ಬಟ್ಟೆ ಸೋಸುವಿಕೆಯೇ ಕೈಹಿಡಿದಿತ್ತು: ಔಷಧವಾಗಲಿ ಲಸಿಕೆಯಾಗಲಿ ಇಲ್ಲದೆಯೇ, ನೀರು ಸೋಸಿ, ಮೆಟ್ಟಿಲುಬಾವಿಗಳ ಬಳಕೆ ನಿಲ್ಲಿಸಿ ಭಾರತ ಆ ರೋಗವನ್ನು ತೊಲಗಿಸಿತು. ಕೊನೆಯ ರೋಗಿ ಕಂಡದ್ದು 1996ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂದದ್ದು 2000ದಲ್ಲಿ. ಆದರೆ ಆ ಹುಳುವಿನ ಮರಿಯನ್ನು ಹೊತ್ತಿದ್ದ ನೀರಿನ ಕೀಟ ಸುಮಾರು ಒಂದು ಮಿಲಿಮೀಟರಿನಷ್ಟು ದೊಡ್ಡದು, ಬಟ್ಟೆಯಲ್ಲಿ ನಿಲ್ಲುತ್ತಿತ್ತು. ದುಂಡುಹುಳುವಿನ ಮೊಟ್ಟೆ ಅದರ ಇಪ್ಪತ್ತನೇ ಒಂದು ಭಾಗದಷ್ಟು ಚಿಕ್ಕದಾದ್ದರಿಂದ ಬಟ್ಟೆಯ ಕಣ್ಣಿನಲ್ಲಿ ನುಸುಳಬಲ್ಲದು. ಸೆರಾಮಿಕ್ ಕ್ಯಾಂಡಲ್ ಇರುವ ಸಾಮಾನ್ಯ ಫಿಲ್ಟರ್ ಆ ಮೊಟ್ಟೆಯನ್ನು ತಡೆಯುತ್ತದೆ. ದುಬಾರಿ ಯಂತ್ರ ಹುಳುವಿಗೆಂದೇ ಬೇಕಿಲ್ಲ.

ಹಂತ 8: ಮಾತ್ರೆ, ಪರೀಕ್ಷೆ, ವೈದ್ಯರು

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಇರುತ್ತದೆ. ತಪ್ಪಿಸಿಕೊಂಡ ಮಕ್ಕಳಿಗೆ ಸುಮಾರು ಒಂದು ವಾರದ ನಂತರ ಮತ್ತೊಂದು ದಿನವಿದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಉಚಿತ. 1ರಿಂದ 2 ವರ್ಷದ ಮಗುವಿಗೆ 400 ಮಿಲಿಗ್ರಾಂ ಮಾತ್ರೆಯ ಅರ್ಧವನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. 2ರಿಂದ 3 ವರ್ಷದವರಿಗೆ ಇಡೀ ಮಾತ್ರೆಯನ್ನು ಹಾಗೆಯೇ ಪುಡಿಮಾಡಿ ಕೊಡುತ್ತಾರೆ; ಅದಕ್ಕಿಂತ ದೊಡ್ಡವರು ಒಂದು ಮಾತ್ರೆಯನ್ನು ಅಗಿದು ನುಂಗಬೇಕು. ಇಡಿಯಾಗಿ ನುಂಗಿಸಲು ಹೋಗಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಜ್ವರವಿರುವ ಮಗುವಿಗೆ ಗುಣವಾದ ಮೇಲೆ ಕೊಡಿಸಿ. ಹುಳು ಹೆಚ್ಚಿರುವ ಮಗುವಿಗೆ ಮಾತ್ರೆಯ ನಂತರ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ನೆರಳಲ್ಲಿ ಮಲಗಿಸಿ ನೀರು ಕೊಡಿ. ಗರ್ಭಿಣಿಯರು ಮೊದಲ ಮೂರು ತಿಂಗಳು ಈ ಮಾತ್ರೆಯನ್ನು ತೆಗೆದುಕೊಳ್ಳಬಾರದು. ನಂತರ ಆಶಾ ಕಾರ್ಯಕರ್ತೆ ಅಥವಾ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು. ಶಾಲೆಯ ಕಾರ್ಯಕ್ರಮ ದೊಡ್ಡವರನ್ನು ಒಳಗೊಳ್ಳುವುದಿಲ್ಲ. ಮಗುವಿಗೆ ಹುಳು ಮರುಕಳಿಸುತ್ತಿದ್ದರೆ ಮನೆಯ ಹಿರಿಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲ ಪರೀಕ್ಷೆಯ ಬಗ್ಗೆ ಕೇಳಿ. ಚಾಟಿಹುಳು ಒಂದೇ ಮಾತ್ರೆಗೆ ಪೂರ್ತಿ ಹೋಗದಿರುವುದು ಸಾಮಾನ್ಯವಾದ್ದರಿಂದ ಅದಕ್ಕೆ ವೈದ್ಯರು ಬೇರೆ ಕ್ರಮ ಹೇಳಬಹುದು.

ರಾತ್ರಿ ಗುದದ್ವಾರದಲ್ಲಿ ತುರಿಕೆ, ದಾರದ ತುಂಡಿನಂಥ ಬಿಳಿ ಹುಳುಗಳು ಕಂಡರೆ ಅದು ಬೇರೆ ಜಾತಿಯ ಹುಳು. ಅದರ ಮೊಟ್ಟೆಗೆ ಮಣ್ಣು ಬೇಕಿಲ್ಲ, ಕೆಲವೇ ಗಂಟೆಗಳಲ್ಲಿ ಬಲಿತು ಹಾಸಿಗೆ, ಬೆರಳುಗಳ ಮೂಲಕ ಮನೆಯವರಿಗೆಲ್ಲ ಹರಡುತ್ತದೆ. ವೈದ್ಯರನ್ನು ಕೇಳಿ ಮನೆಯ ಎಲ್ಲರೂ ಒಂದೇ ದಿನ ಔಷಧ ತೆಗೆದುಕೊಂಡು, ಎರಡು ವಾರಕ್ಕೆ ಮತ್ತೊಮ್ಮೆ ತೆಗೆದುಕೊಳ್ಳಬೇಕು. ಹಾಸಿಗೆಬಟ್ಟೆ, ಒಳಉಡುಪನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಮಗುವಿನ ಹೊಟ್ಟೆ ಉಬ್ಬಿ ಗಟ್ಟಿಯಾಗಿ, ವಾಂತಿಯಾಗುತ್ತ, ಮಲವೂ ಗಾಳಿಯೂ ಹೋಗದೆ ನಿಂತರೆ ಹುಳುಗಳು ಕರುಳನ್ನು ಕಟ್ಟಿರಬಹುದು. ಆಗ ಮಾತ್ರೆ ಕೊಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರ್ಛೆಯ ಇತಿಹಾಸವಿರುವವರು ಯಾವುದೇ ಜಂತುಹುಳು ಮಾತ್ರೆಗೆ ಮೊದಲು ಅದನ್ನು ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಮಿದುಳಿನಲ್ಲಿ ಲಾಡಿಹುಳುವಿನ ಗೂಡಿದ್ದರೆ ಮಾತ್ರೆಯಿಂದ ಅದರ ಸುತ್ತ ಊತ ಬಂದು ಮತ್ತೆ ಮೂರ್ಛೆ ಕಾಣಿಸಿಕೊಳ್ಳಬಹುದು.